ಮಗು ದಪ್ಪವಾದರೆ ಹೊಣೆ ಯಾರದು?

ಮಕ್ಕಳ ಬೊಜ್ಜಿನ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ‘ಏನು ಮಾಡಬೇಕು’ ಅನ್ನುವುದಕ್ಕಿಂತ ಮೊದಲು ‘ತಪ್ಪು ಯಾರದು’ ಎಂದು ಕೇಳಿದವರೇ ಹೆಚ್ಚು. ಮಕ್ಕಳ ವೈದ್ಯರು ಮತ್ತು ಆಹಾರ ತಜ್ಞರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಎತ್ತರ 138 ಸೆಂ.ಮೀ., ತೂಕ 43 ಕೆ.ಜಿ. ಬೆಳಿಗ್ಗೆ, ರಾತ್ರಿ ಹಾಲಿಗೆ ಡಬ್ಬಿ ಪುಡಿ ಎರಡು ಚಮಚ, ಸಕ್ಕರೆ ಎರಡು ಚಮಚ ಹಾಕಿ ಕೊಡುತ್ತೇನೆ. ಸ್ಕೂಲಿಂದ ಬಂದ ಕೂಡಲೇ ಬೇಕರಿ ಪಫ್ಸ್ ಬೇಕು, ಇಲ್ಲಾಂದ್ರೆ ನೂಡಲ್ಸ್. ಆಮೇಲೆ ಟ್ಯೂಷನ್. ರಾತ್ರಿ ಮೊಬೈಲ್ ಕೈಲಿದ್ದರೇ ಊಟ. ಅತ್ತೆ ‘ತಿನ್ನೋ ವಯಸ್ಸು, ತಿನ್ನಲಿ ಬಿಡು, ಉದ್ದ ಆದಾಗ ತಾನೇ ಇಳಿಯುತ್ತೆ’ ಅನ್ನುತ್ತಾರೆ. ಯಜಮಾನರು ‘ನೀನೇ ಮುದ್ದು ಮಾಡಿ ಕೆಡಿಸಿದ್ದು’ ಅನ್ನುತ್ತಾರೆ. ನಿಜವಾಗಿಯೂ ತಪ್ಪು ನನ್ನದೇನಾ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಲೆಕ್ಕ ನೋಡೋಣ, ತಪ್ಪಿನ ಮಾತು ಆಮೇಲೆ. 43ನ್ನು 1.38ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.38ರಿಂದ ಭಾಗಿಸಿದರೆ 22.6 ಬರುತ್ತದೆ. ಇದೇ ಬಿಎಂಐ, ಎತ್ತರಕ್ಕೆ ತೂಕ ಎಷ್ಟು ಎಂದು ತೋರಿಸುವ ಅಂಕಿ. ದೊಡ್ಡವರಿಗಾದರೆ 22.6 ಸರಿಯಾದ ತೂಕ. ಮಕ್ಕಳಿಗೆ ಆ ಅಳತೆ ನಡೆಯುವುದಿಲ್ಲ. ವಯಸ್ಸು ನೋಡಿ, ಗಂಡೋ ಹೆಣ್ಣೋ ನೋಡಿ ಗೆರೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 9 ವರ್ಷದ ಹುಡುಗನಿಗೆ ಸುಮಾರು 18 ದಾಟಿದರೆ ಹೆಚ್ಚು ತೂಕ, 20.5 ದಾಟಿದರೆ ಬೊಜ್ಜು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಬೇರೆ ಚಾರ್ಟ್ ಮಾಡಿದೆ, ಏಕೆಂದರೆ ಅಷ್ಟೇ ತೂಕದಲ್ಲಿ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ. ಯಾವ ಚಾರ್ಟ್ ಹಿಡಿದರೂ ನಿಮ್ಮ ಮಗ ಬೊಜ್ಜಿನ ಗೆರೆಯ ಮೇಲಿದ್ದಾನೆ. ಒಂದು ಟೇಪನ್ನೂ ತೆಗೆದುಕೊಳ್ಳಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ, ಅಂದರೆ ಇವನಿಗೆ 69 ಸೆಂ.ಮೀ.ಗಿಂತ ಹೆಚ್ಚಿದ್ದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಎಂದರ್ಥ.

ಇನ್ನು ಅವನ ದಿನವನ್ನು ಬಿಡಿಸಿ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1700 ಕ್ಯಾಲರಿ. ಅದರಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ 5 ಮೀರಬಾರದು. ಅದು 21 ಗ್ರಾಂ, ಸಮ ಚಮಚದಲ್ಲಿ ನಾಲ್ಕು. ನೀವು ಹಾಕುವ ಎರಡು ಚಮಚ ಸಕ್ಕರೆಯೇ 10 ಗ್ರಾಂ. ಗೋಪುರದಂತೆ ತುಂಬಿದ ಎರಡು ಚಮಚ ಪುಡಿ 20 ಗ್ರಾಂ ತೂಗುತ್ತದೆ. ಕೆಲವು ಬ್ರ್ಯಾಂಡುಗಳಲ್ಲಿ ಅದರ ಮೂರನೇ ಒಂದು ಭಾಗ ಸಕ್ಕರೆಯೇ. ಒಂದು ಲೋಟಕ್ಕೆ 16 ಗ್ರಾಂ ಆದರೆ ಎರಡಕ್ಕೆ 32. ಬಿಸ್ಕತ್ತು, ಚಾಕೊಲೇಟ್ ಬಾಯಿಗೆ ಬೀಳುವ ಮೊದಲೇ ಮಿತಿಯ ಒಂದೂವರೆ ಪಟ್ಟು. ಒಂದು ಪಫ್ಸ್ ಎಂದರೆ ಮೈದಾ ಮತ್ತು ಡಾಲ್ಡಾದ ಪದರದ ಮೇಲೆ ಪದರ, 250ರಿಂದ 300 ಕ್ಯಾಲರಿ. 70 ಗ್ರಾಂ ನೂಡಲ್ಸ್ ಪ್ಯಾಕೆಟ್ಟೂ ಸುಮಾರು 300. ಇವನ ತೂಕದ ಮಗು ಒಂದು ಗಂಟೆ ನಡೆದರೆ ಖರ್ಚಾಗುವುದು 150ರಿಂದ 180 ಕ್ಯಾಲರಿ. ಹಾಗಾಗಿ ‘ತಿಂದದ್ದನ್ನು ಆಟದಲ್ಲಿ ಕರಗಿಸಲಿ’ ಅನ್ನುವ ಲೆಕ್ಕ ಕೂಡಿಬರುವುದಿಲ್ಲ. ಆಟ ಬೇಕೇ ಬೇಕು, ಆದರೆ ತಟ್ಟೆಯನ್ನು ಸರಿಮಾಡದೆ ಬರೀ ಓಡಿಸಿದರೆ ಮಗು ಸೋಲುತ್ತದೆ.

ಅವನಿಗೆ ನಾಲ್ಕೂವರೆಗೆ ಅಷ್ಟು ಹಸಿವು ಯಾಕೆ ಎಂದು ಕೇಳಿಕೊಂಡಿದ್ದೀರಾ? ಒಂದು ವಾರ ಅವನ ಊಟದ ಡಬ್ಬಿ ವಾಪಸ್ ಬಂದಾಗ ತೆಗೆದು ನೋಡಿ. ಚಿತ್ರಾನ್ನ ಅರ್ಧ ಉಳಿದು, ತಣ್ಣಗಾಗಿ ಅಂಟಿಕೊಂಡಿದ್ದರೆ ಮಧ್ಯಾಹ್ನ ಅವನು ತಿಂದಿಲ್ಲ. ಊಟಕ್ಕೆ 15 ನಿಮಿಷ ಕೊಡುವ ಶಾಲೆಯಲ್ಲಿ ಇದು ದಿನಾ ನಡೆಯುವ ಮಾತು. ಮಧ್ಯಾಹ್ನ ತಪ್ಪಿದ ಊಟವೇ ಸಂಜೆ ಪಫ್ಸ್ ಆಗಿ ಬರುತ್ತದೆ. ಬೇಗ ತಿಂದು ಮುಗಿಯುವ, ತಣ್ಣಗಾದರೂ ರುಚಿ ಕೆಡದ ಊಟ ಕಳಿಸಿ. ಪಲ್ಯ ಸುತ್ತಿದ ಚಪಾತಿ ಎರಡು ಮತ್ತು ಬೇಯಿಸಿದ ಮೊಟ್ಟೆ ಆಗುತ್ತದೆ, ದಪ್ಪ ಮೊಸರನ್ನದ ಜತೆ ಸೌತೆಕಾಯಿ ತುಂಡು ಆಗುತ್ತದೆ. ಸಂಜೆ ಅವನು ಬ್ಯಾಗ್ ಇಳಿಸುವಷ್ಟರಲ್ಲಿ ತಟ್ಟೆ ಎದುರಿಗಿರಲಿ: ಹೆಸರುಕಾಳು ಉಸಲಿ ಒಂದು ಬಟ್ಟಲು, ಇಲ್ಲವೇ ಬೇಯಿಸಿದ ಶೇಂಗಾ ಒಂದು ಹಿಡಿ ಮತ್ತು ಒಂದು ಹಣ್ಣು. ನಿಮ್ಮೂರಿನ ಒಗ್ಗರಣೆ ಮಂಡಕ್ಕಿಯೂ ಒಳ್ಳೆಯದೇ, ಎಣ್ಣೆ ಒಂದೇ ಚಮಚ, ಈರುಳ್ಳಿ ಟೊಮೆಟೊ ಧಾರಾಳ, ಜತೆಗೆ ಮೆಣಸಿನಕಾಯಿ ಬಜ್ಜಿ ಬೇಡ. ‘ಏನು ಬೇಕಪ್ಪಾ’ ಎಂದು ಕೇಳಿದಿರೋ, ಉತ್ತರ ಪಫ್ಸ್ ಅಂತಲೇ ಬರುತ್ತದೆ.

ಎಲ್ಲವನ್ನೂ ಒಂದೇ ಸೋಮವಾರ ನಿಲ್ಲಿಸಬೇಡಿ. ಹಾಗೆ ಮಾಡಿದ ಮನೆಗಳಲ್ಲಿ ಹತ್ತನೇ ದಿನಕ್ಕೆ ಮಗು ಕದ್ದು ತಿನ್ನಲು ಕಲಿತಿರುತ್ತದೆ. ಎರಡು ವಾರಕ್ಕೊಂದು ಬದಲಾವಣೆ ಸಾಕು. ಮೊದಲ ಎರಡು ವಾರ ಹಾಲಿನ ಸಕ್ಕರೆ ಎರಡು ಚಮಚದಿಂದ ಒಂದಕ್ಕೆ, ಪುಡಿ ಒಂದೇ ಸಮ ಚಮಚ. ಮುಂದಿನ ಎರಡು ವಾರ ಸಂಜೆಯ ತಿಂಡಿ. ಆಮೇಲೆ ಊಟದ ಹೊತ್ತಿಗೆ ಮೊಬೈಲ್ ಬಂದ್, ಅಪ್ಪನದ್ದೂ ಸೇರಿ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಕಣ್ಣು ಪರದೆಯಲ್ಲಿದ್ದರೆ ಆ ಸುದ್ದಿಯನ್ನು ಮಗು ಗಮನಿಸುವುದೇ ಇಲ್ಲ. ‘ಪಲ್ಯ ಖಾಲಿ ಮಾಡಿದರೆ ಚಾಕೊಲೇಟ್’ ಎಂದು ಆಸೆ ತೋರಿಸಬೇಡಿ, ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ನೀವೇ ಕಲಿಸಿದಂತಾಗುತ್ತದೆ. ಸಣ್ಣಗಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಚಿಪ್ಸ್, ಇವನಿಗೆ ಸೌತೆಕಾಯಿ ಅನ್ನುವ ಭೇದವಂತೂ ಖಂಡಿತ ಬೇಡ. ಬೆಣ್ಣೆ ದೋಸೆ ತಿಂಗಳಿಗೊಮ್ಮೆ ಮನೆಯವರೆಲ್ಲ ಕೂತು ಸಂತೋಷವಾಗಿ ತಿನ್ನಿ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇವನು ತೂಕ ಇಳಿಸಬೇಕಾಗಿಯೇ ಇಲ್ಲ. 43ರಲ್ಲೇ ನಿಂತು ವರ್ಷಕ್ಕೆ 6 ಸೆಂ.ಮೀ. ಬೆಳೆದರೆ ಬಿಎಂಐ 20.7ಕ್ಕೆ ಬರುತ್ತದೆ. 10 ವರ್ಷಕ್ಕೆ ಬೊಜ್ಜಿನ ಗೆರೆಯೂ 21.4ರ ಹತ್ತಿರ ಏರಿರುತ್ತದೆ, ಹುಡುಗ ಗೆರೆಯ ಕೆಳಗೆ ಬರುತ್ತಾನೆ. ಆದರೆ ತೂಕ ನಿಂತರೆ ಮಾತ್ರ. ಈಗಿನಂತೆಯೇ ತಿಂದರೆ ಉದ್ದದ ಜತೆ ತೂಕವೂ ಓಡುತ್ತದೆ, ಯಾವುದೂ ‘ತಾನೇ’ ಇಳಿಯುವುದಿಲ್ಲ.

ಈಗ ತಪ್ಪಿನ ಮಾತು. ಏನು, ಯಾವಾಗ, ಎಲ್ಲಿ ತಿನ್ನಬೇಕು ಅನ್ನುವುದು ದೊಡ್ಡವರ ಕೈಯಲ್ಲಿದೆ. ಎಷ್ಟು ತಿನ್ನಬೇಕು ಅನ್ನುವುದನ್ನು ಮಗುವಿಗೆ ಬಿಡಬೇಕು. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಏನು ಬೇಕು ಅನ್ನುವುದನ್ನು ಮಗು ಹೇಳುತ್ತದೆ, ಎಷ್ಟು ಅನ್ನುವುದನ್ನು ‘ಇನ್ನೊಂದು ತುತ್ತು’ ಎಂದು ನಾವು ನಿರ್ಧರಿಸುತ್ತೇವೆ. ದೊಡ್ಡವರು ಅಂದರೆ ತಾಯಿಯೊಬ್ಬಳೇ ಅಲ್ಲ. ತಿಂಗಳ ಸಾಮಾನಿನ ಚೀಟಿ ಬರೆಯುವವರು, ದಾರಿಯಲ್ಲಿ ಬೇಕರಿ ಮುಂದೆ ಗಾಡಿ ನಿಲ್ಲಿಸುವವರು, ಸಮಾಧಾನಕ್ಕೆಂದು ಬಿಸ್ಕತ್ತು ಪೊಟ್ಟಣ ಒಡೆಯುವವರು ಎಲ್ಲರೂ ಇದರಲ್ಲಿದ್ದಾರೆ. ಒಂದು ಭಾನುವಾರ ಯಜಮಾನರ ಎದುರು ಅಡುಗೆಮನೆಯ ಶೆಲ್ಫ್ ಖಾಲಿ ಮಾಡಿ, ಪೊಟ್ಟಣಗಳನ್ನು ಒಂದು ಕಡೆ ಜೋಡಿಸಿ. ಯಾವುದನ್ನು ಯಾರು ತಂದದ್ದು ಎಂದು ಮೂವರೂ ಕೂತು ನೋಡಿ. ಸಂಜೆಯ ಉಸಲಿಯನ್ನು ಅತ್ತೆಯವರಿಗೇ ವಹಿಸಿ. ಅಜ್ಜಿಯ ಕೈತಿಂಡಿಗೆ ಮಗು ಒಗ್ಗಿಕೊಂಡಷ್ಟು ಬೇಗ ಇನ್ನಾವುದಕ್ಕೂ ಒಗ್ಗುವುದಿಲ್ಲ.

ಪ್ರಶ್ನೆ: ಮಗಳಿಗೆ 7 ವರ್ಷ, ದಪ್ಪಗಿದ್ದಾಳೆ. ನಾವಿಬ್ಬರೂ ದಪ್ಪವೇ. ಹೆಂಡತಿಗೆ ಬಸುರಿಯಲ್ಲಿ ಶುಗರ್ ಬಂದಿತ್ತು. ಮೊನ್ನೆ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 6.8 ಬಂತು, ‘ಥೈರಾಯ್ಡ್‌ನಿಂದಲೇ ದಪ್ಪ’ ಎಂದು ಪರಿಚಯದವರು ಹೇಳುತ್ತಿದ್ದಾರೆ. ಇದು ವಂಶದ್ದೋ, ಥೈರಾಯ್ಡೋ?
ಒಬ್ಬ ತಂದೆ, ಮೈಸೂರು

ಉತ್ತರ: ಥೈರಾಯ್ಡ್ ಮೇಲಿನ ಅನುಮಾನಕ್ಕೆ ಒಂದು ಗೋಡೆ, ಒಂದು ಪೆನ್ಸಿಲ್ ಸಾಕು. ಮಗಳನ್ನು ಗೋಡೆಗೆ ಒರಗಿಸಿ ಎತ್ತರ ಗುರುತು ಹಾಕಿ. ಹೆಚ್ಚು ತಿಂದು, ಕಡಿಮೆ ಓಡಾಡಿ ದಪ್ಪವಾದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಉದ್ದವೇ ಇರುತ್ತಾರೆ. ಹಾರ್ಮೋನ್ ತೊಂದರೆಯಿಂದ ದಪ್ಪವಾದ ಮಗು ಗಿಡ್ಡವಾಗಿರುತ್ತದೆ, ವರ್ಷವಾದರೂ ಅದೇ ಅಳತೆಯ ಲಂಗ ಸಾಕಾಗುತ್ತದೆ, ಮಲಬದ್ಧತೆ, ಚಳಿ ತಡೆಯದಿರುವುದು, ಮಂಕುತನ ಜತೆಗಿರುತ್ತವೆ. ಟಿಎಸ್‌ಎಚ್ 5ರಿಂದ 10ರ ನಡುವೆ ಇದ್ದು ಎಫ್‌ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ) ಸರಿಯಿದ್ದರೆ, ದಪ್ಪ ಮಕ್ಕಳಲ್ಲಿ ಅದು ಬಹುಪಾಲು ಬೊಜ್ಜಿನ ಪರಿಣಾಮ. ತೂಕ ಹಿಡಿತಕ್ಕೆ ಬಂದಾಗ ಅದೂ ಇಳಿಯುತ್ತದೆ. ಎಫ್‌ಟಿ4 ಮಾಡಿಸದೆ ಮಾತ್ರೆ ಶುರುಮಾಡಬೇಡಿ. ಮಾತ್ರೆ ಸಿಕ್ಕಿತೆಂದು ತಟ್ಟೆಯ ಬಗ್ಗೆ ಯೋಚಿಸುವುದನ್ನು ಮನೆಯವರು ನಿಲ್ಲಿಸಿಬಿಡುವುದೇ ಇದರಲ್ಲಿ ದೊಡ್ಡ ನಷ್ಟ.

ವಂಶದ ಪಾಲು ಇದೆ, ದೊಡ್ಡದೇ ಇದೆ. ಆದರೆ ಒಂದೇ ಜೀನ್ ಕೆಟ್ಟು ಬರುವ ಬೊಜ್ಜು ಬಹಳ ಅಪರೂಪ. ಅಂಥ ಮಗು ಹುಟ್ಟಿದ ಕೆಲವೇ ತಿಂಗಳಿಂದ ಹಸಿವು ತಾಳದೆ ಅಳುತ್ತದೆ, 5 ವರ್ಷದೊಳಗೇ ವಿಪರೀತ ದಪ್ಪವಾಗುತ್ತದೆ, ಬೆಳವಣಿಗೆ, ಬುದ್ಧಿ ಅಥವಾ ಕಣ್ಣಿನ ತೊಂದರೆಯೂ ಇರಬಹುದು. ಹಾಗಿದ್ದರೆ ತಡಮಾಡದೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಉಳಿದವರಿಗೆ ವಂಶದಿಂದ ಬರುವುದು ಒಲವು ಮಾತ್ರ: ಬೇಗ ಹಸಿಯುವುದು, ತಡವಾಗಿ ತುಂಬುವುದು, ತಿಂದದ್ದು ಬೇಗ ಕೊಬ್ಬಾಗುವುದು. ಅಪ್ಪ ಅಮ್ಮನ ಜೀನ್ ಜತೆಗೆ ಅವರ ಅಡುಗೆಮನೆಯೂ ಅದೇ ಮಗುವಿಗೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ.

ಬಸುರಿಯ ಶುಗರ್ ವಿಷಯ ಬರೆದದ್ದು ಒಳ್ಳೆಯದಾಯಿತು. ಇದಕ್ಕೆ ಪುರಾವೆ ನಿಮ್ಮ ಊರಿನಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಶುಗರ್ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತ ಬಂದರು. ಪಾರ್ಥೆನನ್ ಅಧ್ಯಯನ ಎಂದು ಅದರ ಹೆಸರು. ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವರ್ಷಕ್ಕೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು, 9ರಿಂದ 10 ವರ್ಷಕ್ಕೂ ಆ ಹೆಣ್ಣುಮಕ್ಕಳಲ್ಲಿ ಅದು ಹೆಚ್ಚೇ ಇತ್ತು. ಪುಣೆಯಲ್ಲಿ ನಡೆದ ಕೆಲಸ ಇನ್ನೊಂದು ವಿಷಯ ತೋರಿಸಿತು. ಅಲ್ಲಿನ ಶಿಶುಗಳು ಸರಾಸರಿ 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳು 3.5 ಕೆ.ಜಿ. ನಮ್ಮ ಶಿಶುವಿನ ಕೈಕಾಲು ಸಣ್ಣ, ಮಾಂಸ ಕಡಿಮೆ, ಆದರೆ ಬೆನ್ನಿನ ಮೇಲಿನ ಕೊಬ್ಬು ಹೆಚ್ಚುಕಡಿಮೆ ಅವರಷ್ಟೇ. ಇದರಲ್ಲಿ ನಿಮ್ಮ ಹೆಂಡತಿಯ ತಪ್ಪು ಒಂದು ಎಳ್ಳಷ್ಟೂ ಇಲ್ಲ. ಇದರಿಂದ ಆಗಬೇಕಾದ್ದು ಎರಡು ಕೆಲಸ: ಮಗಳ ಎತ್ತರ, ತೂಕ, ಸೊಂಟದ ಅಳತೆ ಮೂರು ತಿಂಗಳಿಗೊಮ್ಮೆ ಬರೆದಿಡುವುದು, ಮತ್ತು ತಾಯಿಯೂ ವರ್ಷಕ್ಕೊಮ್ಮೆ ಶುಗರ್ ಪರೀಕ್ಷೆ ಮಾಡಿಸಿಕೊಳ್ಳುವುದು. ಎರಡನೆಯದನ್ನು ಬಹಳ ಮನೆಗಳಲ್ಲಿ ಮರೆತೇ ಬಿಡುತ್ತಾರೆ.

ಪ್ರಶ್ನೆ: ಮೊಮ್ಮಗ ರಜೆಗೆ ಬಂದಾಗ ಸೊಸೆ ಪಟ್ಟಿ ಕೊಡುತ್ತಾಳೆ: ತುಪ್ಪ ಬೇಡ, ಬಾಳೆಹಣ್ಣು ಬೇಡ, ಅನ್ನ ಬೇಡ, ರಾಗಿ ಎಷ್ಟು ಬೇಕಾದರೂ ಕೊಡಿ. ನಾವು ತುಪ್ಪ ಬೆಲ್ಲ ತಿಂದೇ ಬೆಳೆದವರು, ಯಾರೂ ದಪ್ಪ ಆಗಲಿಲ್ಲ.
ಒಬ್ಬ ಅಜ್ಜಿ, ಶಿವಮೊಗ್ಗ ಜಿಲ್ಲೆ

ಉತ್ತರ: ಅಮ್ಮ, ತುಪ್ಪ ಒಂದು ಟೀ ಚಮಚ 45 ಕ್ಯಾಲರಿ. ಊಟಕ್ಕೆ ಒಂದು ಚಮಚ ಹಾಕಿದರೆ ಯಾವ ಮಗುವೂ ಕೆಡುವುದಿಲ್ಲ. ಸೌಟಿನಲ್ಲಿ ಸುರಿದರೆ ಕಷ್ಟ. ಏಲಕ್ಕಿ ಬಾಳೆ ಒಂದಕ್ಕೆ ಸುಮಾರು 60, ಅದನ್ನೂ ಕೊಡಿ, ಜ್ಯೂಸ್ ಮಾಡಿ ಮಾತ್ರ ಕೊಡಬೇಡಿ. ಹಣ್ಣು ಅಗಿದು ತಿನ್ನುವಾಗ ಒಂದಕ್ಕೆ ಸಾಕೆನಿಸುತ್ತದೆ, ಲೋಟದಲ್ಲಿ ಮೂರು ಹಣ್ಣು ಗುಟುಕರಿಸಿದರೂ ಗೊತ್ತಾಗುವುದಿಲ್ಲ.

ರಾಗಿಯ ಬಗ್ಗೆ ಸೊಸೆಯವರಿಗೂ ತಿಳಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಕ್ಕಿಯಲ್ಲಿ 355. ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯ ಗುಣ ಅದರ ನಾರಿನಲ್ಲಿದೆ: ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ, ರಾಗಿಯಲ್ಲಿ 11 ಗ್ರಾಂ. ಮುದ್ದೆ ತಿಂದವನಿಗೆ ಬೇಗ ಹಸಿಯುವುದಿಲ್ಲ. ಅದೇ ರಾಗಿಯನ್ನು ಸೋಸಿ, ಮೂರು ಚಮಚ ಬೆಲ್ಲ ಹಾಕಿ ಮಾಲ್ಟ್ ಮಾಡಿ ಕುಡಿಸಿದರೆ ಆ ಗುಣ ಬಟ್ಟೆಯಲ್ಲೇ ಉಳಿಯಿತು. ಬೆಲ್ಲದ ಕ್ಯಾಲರಿಯೂ ಸಕ್ಕರೆಯಷ್ಟೇ, ನೂರು ಗ್ರಾಂಗೆ 380ರ ಹತ್ತಿರ.

ನಿಮ್ಮ ಕಾಲದ ಮಾತು ನಿಜ, ಆದರೆ ಆಗ ತುಪ್ಪವೊಂದೇ ಇತ್ತು, ಇವತ್ತು ತುಪ್ಪದ ಕೆಳಗೆ ಕಾಣದ ಎಣ್ಣೆ ಇದೆ. ಈ ತಿಂಗಳು ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಒಬ್ಬರಿಗೆ ದಿನಕ್ಕೆ 20ರಿಂದ 30 ಗ್ರಾಂ ಅನ್ನುವ ಲೆಕ್ಕದಲ್ಲಿ ನಾಲ್ವರ ಮನೆಗೆ ತಿಂಗಳಿಗೆ ಮೂರು ಲೀಟರ್ ಆಸುಪಾಸು ಸಾಕು, ತುಪ್ಪವೂ ಅದರಲ್ಲೇ ಸೇರಬೇಕು. ಐದು ಲೀಟರ್ ಖಾಲಿಯಾಗುವ ಮನೆಯಲ್ಲಿ ಮಗುವಿಗೊಬ್ಬನಿಗೆ ಪಥ್ಯ ಹೇಳಿ ಫಲವಿಲ್ಲ. ಮೊಮ್ಮಗನನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬಿಸಿಲಿಳಿದ ಮೇಲೆ ಒಂದು ಗಂಟೆ ಅವನ ಪಾಡಿಗೆ ಓಡಾಡಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 60 ನಿಮಿಷ ಅಲ್ಲಿಗೆ ಮುಗಿಯಿತು.

ಪ್ರಶ್ನೆ: 10 ತಿಂಗಳ ಮಗು ಗುಂಡಗುಂಡಗಿದೆ. ‘ಬೇಬಿ ಫ್ಯಾಟ್, ಏನೂ ಆಗಲ್ಲ’ ಅನ್ನುತ್ತಾರೆ. ನಿಜವೇ?
ಬೆಂಗಳೂರು

ಉತ್ತರ: ಬಹುಪಾಲು ನಿಜ. ತಾಯಿ ಕಾರ್ಡ್‌ನ ಬೆಳವಣಿಗೆ ಚಾರ್ಟ್‌ನಲ್ಲಿ ಉದ್ದಕ್ಕೆ ತಕ್ಕ ತೂಕ ಎಷ್ಟಿದೆ ಎಂದು ಅಂಗನವಾಡಿ ಅಥವಾ ಲಸಿಕೆ ಹಾಕುವಲ್ಲಿ ನೋಡಿಸಿ. ಒಂದು ವರ್ಷ ದಾಟಿ ನಡೆಯಲು ಶುರುಮಾಡಿದ ಮೇಲೆ ಮಕ್ಕಳು ತೆಳ್ಳಗಾಗಬೇಕು, 5ರಿಂದ 6 ವರ್ಷದವರೆಗೆ ಹಾಗೇ ಇರಬೇಕು. ಮೂರು ನಾಲ್ಕು ವರ್ಷಕ್ಕೇ ಮತ್ತೆ ದಪ್ಪವಾಗತೊಡಗಿದರೆ ಮುಂದೆ ಬೊಜ್ಜು ಬರುವ ಸಂಭವ ಹೆಚ್ಚು. ಆ ವಯಸ್ಸಿನಲ್ಲಿ ತೆಳ್ಳಗಾದ ಮಗುವನ್ನು ಕಂಡು ‘ಸೊರಗಿತು’ ಎಂದು ತುರುಕಿ ತಿನ್ನಿಸುವುದೇ ನಮ್ಮಲ್ಲಿ ನಡೆಯುವ ತಪ್ಪು. ಎರಡು ವರ್ಷದವರೆಗೆ ಸಕ್ಕರೆ, ಬಿಸ್ಕತ್ತು, ಪರದೆ ಮೂರೂ ಬೇಡ.

ಪ್ರಶ್ನೆ: ಖಾಸಗಿ ಶಾಲೆಯ ಶಿಕ್ಷಕಿ ನಾನು. ಗೇಟಿನ ಪಕ್ಕದಲ್ಲೇ ಚಿಪ್ಸ್, ಕೋಲಾ ಅಂಗಡಿ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ತೆಗೆದುಕೊಳ್ಳುತ್ತಾರೆ. ಪೋಷಕರು ಶಾಲೆಯನ್ನು ದೂರುತ್ತಾರೆ, ಶಾಲೆ ಪೋಷಕರನ್ನು. ಸರ್ಕಾರದ್ದೇನೂ ಹೊಣೆ ಇಲ್ಲವೇ?
ಹುಬ್ಬಳ್ಳಿ

ಉತ್ತರ: ಇದೆ, ಬಹಳ ಇದೆ. 1990ರಲ್ಲಿ ಜಗತ್ತಿನ 5ರಿಂದ 19 ವರ್ಷದವರಲ್ಲಿ ಹೆಚ್ಚು ತೂಕದವರು ಶೇ 8, 2022ಕ್ಕೆ ಶೇ 20. ಯುನಿಸೆಫ್ 2025ರಲ್ಲಿ ಕೊಟ್ಟ ಲೆಕ್ಕದಲ್ಲಿ ಈ ವಯಸ್ಸಿನವರಲ್ಲಿ ಬೊಜ್ಜಿನವರು ಶೇ 9.4, ತೂಕ ಸಾಲದವರು ಶೇ 9.2, ಬೊಜ್ಜು ಮುಂದೆ ಹೋದದ್ದು ಇದೇ ಮೊದಲು. ಮೂವತ್ತು ವರ್ಷದಲ್ಲಿ ಮನುಷ್ಯರ ಜೀನ್ ಬದಲಾಗುವುದಿಲ್ಲ, ತಾಯಂದಿರೆಲ್ಲ ಒಟ್ಟಿಗೆ ಸೋಮಾರಿಗಳೂ ಆಗಿಲ್ಲ. ಬದಲಾದದ್ದು ಅಂಗಡಿ, ಬೀದಿ, ಶಾಲೆಯ ದಿನಚರಿ. ನಮ್ಮ ದೇಶದಲ್ಲಿ ಎರಡೂ ಕಷ್ಟ ಒಟ್ಟಿಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 5 ವರ್ಷದೊಳಗಿನವರಲ್ಲಿ ಹೆಚ್ಚು ತೂಕದವರು ಶೇ 2.1ರಿಂದ 3.4ಕ್ಕೆ ಏರಿದರು, ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ 35ಕ್ಕೂ ಹೆಚ್ಚು.

ಗೇಟಿನ ಅಂಗಡಿಗೆ ಕಾನೂನು ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ಟೇಪ್ ಹಿಡಿದು ಅಳೆಯಿರಿ. ಮುಖ್ಯೋಪಾಧ್ಯಾಯರ ಸಹಿಯ ಪತ್ರಕ್ಕೆ ಫೋಟೊ ಅಂಟಿಸಿ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಗೇಟು ದಾಟುವುದಿಲ್ಲ. ಅಂಗಡಿಯವರ ಹೊಟ್ಟೆಪಾಡನ್ನೂ ನೋಡಬೇಕಲ್ಲ, ಬೇಯಿಸಿದ ಶೇಂಗಾ, ಜೋಳ, ಪೇರಳೆ, ಮಜ್ಜಿಗೆ ಇಟ್ಟರೆ ಶಾಲೆಯೇ ಖರೀದಿಸುತ್ತದೆ ಎಂದು ಮಾತಾಡಿ ಒಪ್ಪಿಸಿದರೆ ಬದಲಾವಣೆ ಉಳಿಯುತ್ತದೆ.

ಶಾಲೆಯೊಳಗಿನ ಕೆಲಸ ನಿಮ್ಮ ಕೈಯಲ್ಲಿದೆ. 40 ಮಕ್ಕಳ ಕ್ಲಾಸಿನಲ್ಲಿ ಸರಾಸರಿ ವಾರಕ್ಕೊಂದು ಹುಟ್ಟುಹಬ್ಬ, ವಾರಕ್ಕೊಮ್ಮೆ ಎಲ್ಲರಿಗೂ ಚಾಕೊಲೇಟ್. ಪೆನ್ಸಿಲ್ ಅಥವಾ ಲೈಬ್ರರಿಗೊಂದು ಪುಸ್ತಕ ಎಂದು ವರ್ಷದ ಆರಂಭದಲ್ಲೇ ಡೈರಿಯಲ್ಲಿ ಬರೆಸಿ. ಪಿ.ಟಿ. ಪೀರಿಯಡ್‌ನಲ್ಲಿ ಒಂದು ಮಗುವನ್ನು ಆರಿಸಿಕೊಂಡು, ಅದು ನಿಜವಾಗಿ ಎಷ್ಟು ನಿಮಿಷ ಓಡಿತು ಎಂದು ಗಡಿಯಾರ ಹಿಡಿದು ನೋಡಿ. ಖೋಖೋದಲ್ಲಿ ಎಂಟು ಜನ ಕೂತಿರುತ್ತಾರೆ, ಓಡುವವರು ನಾಲ್ವರು. ಕ್ರಿಕೆಟ್ಟಿನಲ್ಲಿ ದಪ್ಪಗಿರುವ ಮಗುವನ್ನು ದೂರದಲ್ಲಿ ನಿಲ್ಲಿಸುತ್ತಾರೆ, ಅದು 40 ನಿಮಿಷ ನಿಂತೇ ಇರುತ್ತದೆ. ಆರೇಳು ಚೆಂಡು, ಆರೇಳು ಹಗ್ಗ ತಂದು, ಸಣ್ಣ ಗುಂಪು ಮಾಡಿ ಲಗೋರಿ, ಹಗ್ಗಜಿಗಿತ ಆಡಿಸಿದರೆ ಎಲ್ಲರೂ ಬೆವರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲೇ ಆಟದ ಮೈದಾನ ಇದೆ, ಗಣಿತದವರಿಗೆ ಇದನ್ನು ವಿನಯದಿಂದ ತೋರಿಸಿ. ನಿಮ್ಮದು ಸಿಬಿಎಸ್‌ಇ ಶಾಲೆಯಾದರೆ 2025ರ ಮೇ ತಿಂಗಳ ಸೂಚನೆಯಂತೆ ‘ಶುಗರ್ ಬೋರ್ಡ್’ ಹಾಕಲೇಬೇಕು. 300 ಮಿ.ಲೀ. ಕೋಲಾದ ಬಾಟಲಿಗೆ ಎದುರಾಗಿ 32 ಗ್ರಾಂ ಸಕ್ಕರೆಯನ್ನು ಪಾರದರ್ಶಕ ಚೀಲದಲ್ಲಿ ಕಟ್ಟಿ ನೇತುಹಾಕಿ. ಮಕ್ಕಳಿಗೆ ಭಾಷಣಕ್ಕಿಂತ ಆ ಚೀಲ ಚೆನ್ನಾಗಿ ಅರ್ಥವಾಗುತ್ತದೆ.

ಪೊಟ್ಟಣ ಓದುವುದನ್ನೂ ಕಲಿಸಿ. ಹಿಂಬದಿಯ ಪಟ್ಟಿಯಲ್ಲಿ ‘ಸೇರಿಸಿದ ಸಕ್ಕರೆ’ಯ ಗ್ರಾಂ ಸಂಖ್ಯೆಯನ್ನು 5ರಿಂದ ಭಾಗಿಸಿದರೆ ಚಮಚದ ಲೆಕ್ಕ. ‘ಒಂದು ಸರ್ವಿಂಗ್’ ಎಂದು ಮುದ್ರಿಸಿದ್ದನ್ನು ನಂಬಬೇಡಿ, ಯಾವ ಮಗುವೂ ಎರಡೇ ಬಿಸ್ಕತ್ತಿಗೆ ಪೊಟ್ಟಣ ಮಡಚಿಡುವುದಿಲ್ಲ. 100 ಗ್ರಾಂನ ಅಂಕಿ ನೋಡಿ, ಪೊಟ್ಟಣದ ತೂಕಕ್ಕೆ ಗುಣಿಸಿ, 100ರಿಂದ ಭಾಗಿಸಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಲ್ಲ ಸಕ್ಕರೆಯ ಅಣ್ಣತಮ್ಮಂದಿರೇ.

ಸರ್ಕಾರದ ಪಾಲಿಗೆ ಬರೋಣ. ಚಿಲಿ ದೇಶದಲ್ಲಿ 2016ರಿಂದ ಪೊಟ್ಟಣದ ಮುಂದೆಯೇ ಕಪ್ಪು ಎಂಟುಮೂಲೆಯ ಎಚ್ಚರಿಕೆ ಇದೆ, ಓದು ಬಾರದ ಮಗುವಿಗೂ ತಿಳಿಯುತ್ತದೆ. ನಮ್ಮಲ್ಲಿ 2022ರ ಕರಡು ನಿಯಮ ಎಚ್ಚರಿಕೆಯ ಬದಲು ಪೊಟ್ಟಣಕ್ಕೆ ಅಂಕದಂತೆ ನಕ್ಷತ್ರ ಕೊಡಲು ಹೊರಟಿತು. ನಾರು, ಪ್ರೋಟೀನ್ ಒಂದಿಷ್ಟು ಸೇರಿಸಿದರೆ ಸಕ್ಕರೆಯ ಬಿಸ್ಕತ್ತಿಗೂ ನಕ್ಷತ್ರ ಏರುತ್ತದೆ. ನಮಗೆ ಬೇಕಾದ್ದು ಎಚ್ಚರಿಕೆ. ‘ಹೆಲ್ತ್ ಡ್ರಿಂಕ್’ ಅನ್ನುವ ವರ್ಗವೇ ಆಹಾರ ಕಾನೂನಿನಲ್ಲಿ ಇಲ್ಲ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಎಷ್ಟು ತಲೆಮಾರಿನ ತಾಯಂದಿರು ಅದನ್ನು ಆರೋಗ್ಯವೆಂದೇ ನಂಬಿ ಕಲಸಿ ಕೊಟ್ಟರು! ಅವರನ್ನು ದೂರುವುದು ಯಾವ ನ್ಯಾಯ? 2025ರ ಸೆಪ್ಟೆಂಬರ್ 22ರಂದು ಕೋಲಾದ ಮೇಲಿನ ಜಿಎಸ್‌ಟಿ ಶೇ 40 ಆಯಿತು, ಸರಿಯಾದ ಕೆಲಸ. ಅದೇ ದಿನ ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಂ, ನೂಡಲ್ಸ್, ಕುರುಕಲು ತಿಂಡಿ ಶೇ 5ಕ್ಕೆ ಇಳಿದವು. ಐದು ರೂಪಾಯಿ ಹಿಡಿದ ಮಗುವಿಗೆ ಬಾಳೆಹಣ್ಣಿಗಿಂತ ಚಿಪ್ಸ್ ಸುಲಭವಾಗಿ ಸಿಗುವ ಊರಿನಲ್ಲಿ ‘ಆಯ್ಕೆ ನಿಮ್ಮದು’ ಎಂದು ಪೋಷಕರಿಗೆ ಹೇಳಿ ಕೈತೊಳೆದುಕೊಳ್ಳುವುದು ತರವಲ್ಲ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. 155 ಸೆಂ.ಮೀ., 68 ಕೆ.ಜಿ. ಎಲ್ಲರೂ ಡುಮ್ಮಿ ಅಂತಾರೆ. ಬೆಳಿಗ್ಗೆ ತಿಂಡಿ ಬಿಟ್ಟಿದ್ದೇನೆ, ಆದರೂ ಇಳಿಯುತ್ತಿಲ್ಲ. ಕತ್ತು ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತೆ. ಆನ್‌ಲೈನ್‌ನಲ್ಲಿ ಸಿಗುವ ತೂಕ ಇಳಿಸುವ ಪುಡಿ ತಗೋಬಹುದಾ?
ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಮಗಳೇ, ಪುಡಿ ಬೇಡ. ಮತ್ತು ಇವತ್ತಿನಿಂದಲೇ ಕತ್ತು ಉಜ್ಜುವುದನ್ನು ನಿಲ್ಲಿಸು. ಅದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ತಯಾರಾಗುತ್ತಿದ್ದಾಗ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪವಾಗಿ, ಮಖಮಲ್ಲಿನ ಹಾಗೆ ಕಪ್ಪಾಗುತ್ತದೆ. ನಿಂಬೆಹಣ್ಣು, ಕಡಲೆಹಿಟ್ಟು, ಕಲ್ಲು ಹಾಕಿ ತಿಕ್ಕಿದರೆ ಗೀರು ಬಿದ್ದು ಇನ್ನಷ್ಟು ಕಪ್ಪಾಗುತ್ತದೆ. ಒಳಗಿನ ಇನ್ಸುಲಿನ್ ಇಳಿದಾಗ ಬಣ್ಣ ತಾನಾಗಿ ತಿಳಿಯಾಗುತ್ತದೆ, ಕೆಲವು ತಿಂಗಳು ಹಿಡಿಯುತ್ತದೆ.

ಮುಟ್ಟು ಶುರುವಾಗಿ ಒಂದು ವರ್ಷ ಕಳೆದ ಮೇಲೂ 45 ದಿನಕ್ಕಿಂತ ಹೆಚ್ಚು ಅಂತರ ಇದ್ದರೆ ತೋರಿಸಬೇಕು. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ ಇರುತ್ತದೆ, ಅಮ್ಮನ ಜತೆ ಹೋಗು. ಬಿ.ಪಿ., ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಲಿವರಿನ ಎಸ್‌ಜಿಪಿಟಿ, ಕೊಲೆಸ್ಟ್ರಾಲ್ ಇಷ್ಟನ್ನು ಕೇಳಿ ಮಾಡಿಸು. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತೀಯಾ ಎಂದು ಮನೆಯವರನ್ನು ಕೇಳಿ, ಹೌದಾದರೆ ಅದನ್ನೂ ಡಾಕ್ಟರಿಗೆ ಹೇಳು.

ತಿಂಡಿ ಬಿಟ್ಟರೂ ಇಳಿಯುತ್ತಿಲ್ಲ ಯಾಕೆ? ಬೆಳಿಗ್ಗೆ ಖಾಲಿ ಇದ್ದ ಹೊಟ್ಟೆ ಸಂಜೆ ಆರರಿಂದ ರಾತ್ರಿ ಹತ್ತರೊಳಗೆ ಲೆಕ್ಕ ತೀರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕೈಗೆ ಸಿಗುವುದು ಮಿಕ್ಸ್ಚರ್, ಬಿಸ್ಕತ್ತು, ಎರಡನೇ ಸಲದ ಅನ್ನ. ಬೆಳಿಗ್ಗೆ ಎಂಟಕ್ಕೆ ಎರಡು ಇಡ್ಲಿ, ಒಂದು ಬಟ್ಟಲು ತರಕಾರಿ ಸಾಂಬಾರು, ಒಂದು ಮೊಟ್ಟೆ ಅಥವಾ ಒಂದು ಲೋಟ ಸಕ್ಕರೆಯಿಲ್ಲದ ಹಾಲು ತಗೋ. ರಾತ್ರಿ ಎಂಟಕ್ಕೆ ಊಟ, ಹತ್ತಕ್ಕೆ ಮಲಗು, ಫೋನ್ ಇನ್ನೊಂದು ಕೋಣೆಯಲ್ಲಿರಲಿ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು; ನಿದ್ದೆ ಕಡಿಮೆಯಾದ ಮರುದಿನ ಸಿಹಿ, ಕರಿದದ್ದು ಹೆಚ್ಚು ಬೇಕೆನಿಸುತ್ತದೆ, ಅದು ನಿನ್ನ ಮನಸ್ಸಿನ ದೌರ್ಬಲ್ಯವಲ್ಲ. ತೂಕದ ಯಂತ್ರದ ಮೇಲೆ ದಿನಾ ನಿಲ್ಲಬೇಡ, ತಿಂಗಳಿಗೊಮ್ಮೆ ಸಾಕು. ಮೊದಲ ಮೂರು ತಿಂಗಳು 68 ದಾಟದಿದ್ದರೆ ಅದೇ ಗೆಲುವು.

ನಿನಗೆ ಹೆಸರಿಟ್ಟು ಕರೆಯುವುದು ತಪ್ಪು, ಆ ತಪ್ಪು ಅವರದು. ನೀನು ಅಂಗಡಿ ಇಟ್ಟಿಲ್ಲ, ಎಣ್ಣೆ ತಂದಿಲ್ಲ, ಆಟದ ಪೀರಿಯಡ್ ತೆಗೆದುಹಾಕಿಲ್ಲ. ಕ್ಲಾಸ್ ಟೀಚರಿಗೆ ಒಂದು ಚೀಟಿಯಲ್ಲಿ ಬರೆದು ಕೊಡು. ಮನಸ್ಸು ತೀರಾ ಕುಗ್ಗಿದ ದಿನ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಪುಟವನ್ನು ಅಮ್ಮನಿಗೆ ಓದಲು ಕೊಡು. ಕೂದಲೆತ್ತಿ ಕತ್ತು ತೋರಿಸು.